ಕದ ಮುಚ್ಚಿ ಕೂತವರು

ಸೋನ್ಯಾಳದ ಪೊಲೀಸ್ ಪಾಟೀಲ ಬಸಗೊಂಡನಿಗೆ ಆ ಮನೆಯ ಸುದ್ದಿ ಮೊದಲು ಮುಟ್ಟಿಸಿದವನು ಶಿದ್ರಾಯ. ಯಳವಿಯ ಕಡೆಗೆ ಹೋಗುವ ಹಳ್ಳದ ದಂಡೆಯಲ್ಲಿ, ಜಾಲಿ ಕಂಟಿಗಳ ಮರೆಗೆ, ಬೆಲ್ಲ ಕೊಳೆಹಾಕಿ ಸೆರೆ ಇಳಿಸುವುದು ಶಿದ್ರಾಯನ ಕಸುಬು. ಸಂಸ್ಥಾನ ಹೋಗಿ ಜತ್ತ ಮುಂಬೈ ಇಲಾಖೆಗೆ ಸೇರಿತ್ತು. ಇಲಾಖೆಯಲ್ಲೆಲ್ಲ ದಾರೂಬಂದಿ ಜಾರಿಯಾಗಿ ಮೂರನೆಯ ವರ್ಷ ನಡೆದಿತ್ತು. ಸೆರೆ ಇಳಿಸುವವನನ್ನೂ ಕುಡಿಯುವವನನ್ನೂ ಜತ್ತದ ಠಾಣೆಯ ಫೌಜದಾರರಿಗೆ ಒಪ್ಪಿಸಬೇಕಾದದ್ದು ಪೊಲೀಸ್ ಪಾಟೀಲನ ಕೆಲಸ. ಬಸಗೊಂಡ ಶಿದ್ರಾಯನನ್ನು ಒಪ್ಪಿಸಿರಲಿಲ್ಲ. ವಾರಕ್ಕೆರಡು ಸಲ ಶಿದ್ರಾಯನ ಬಾಟಲಿಯೊಂದು ಪಾಟೀಲರ ಹಿತ್ತಲ ಬಾಗಿಲಿನಿಂದ ಬಂದು ಹೊಟ್ಟಿನ ಕೋಣೆ ಸೇರುತ್ತಿತ್ತು. ಇದು ಊರಿಗೆ ಗೊತ್ತಿಲ್ಲವೆಂದು ಬಸಗೊಂಡ ತಿಳಿದಿದ್ದ. ಹೊರಗೆ ಹೋಗುವ ಮುಂಚೆ ಎರಡು ಲವಂಗ ಬಾಯಿಗೆ ಹಾಕಿಕೊಳ್ಳುತ್ತಿದ್ದ.

"ಗೌಡ್ರ, ಶಿಂಪಿಗರ ಗುರುಲಿಂಗಪ್ಪನ ಮನ್ಯಾಗ ಏನೋ ನಡದೈತ್ರಿ," ಎಂದ ಶಿದ್ರಾಯ. "ದೀಪ ಹಚ್ಚೂ ಹೊತ್ತಿಗಿ ಮಂದಿ ಒಳಗ ಹೋಗಿ ಕದಾ ಹಾಕ್ಕೋತಾರ. ಕುರುಬರ ಅಮೋಗಸಿದ್ದ, ಗಾಡಿ ಹೊಡ್ಯಾವ ಧೂಳಪ್ಪ, ಆ ಶಿಂಪಿಗ. ಮೂರೂ ಮಂದಿ ನನ್ನ ಕಡಿ ಬರಾವ್ರು. ಈಗ ನಾಕು ತಿಂಗಳಾತು, ಈ ಹಾದಿ ಹಿಡದಿಲ್ಲ. ತಾವೇ ಭಟ್ಟಿ ಹೂಡ್ಯಾರ. ಬ್ಯಾರೇ ಏನಿರತೈತಿ?"

ಬಸಗೊಂಡನಿಗೂ ಬೇರೆ ಏನೂ ಹೊಳೆಯಲಿಲ್ಲ. ಹೊಲಿಗೆಯವ, ಕುರಿಯವ, ಗಾಡಿಯವ. ಒಬ್ಬರ ಮನೆಗೊಬ್ಬರು ಉಣ್ಣಲು ಹೋಗುವವರಲ್ಲ, ಬೀಗರಲ್ಲ, ಭಜನೆಯವರಲ್ಲ. ಭಜನೆಯಾಗಿದ್ದರೆ ತಾಳದ ಸಪ್ಪಳ ಕೇಳಬೇಕಿತ್ತು. ಇಸ್ಪೀಟು ಎನ್ನೋಣವೆಂದರೆ ಗದ್ದಲವಿಲ್ಲ. ಎರಡು ವಾರ ಅವನು ಚಾವಡಿಯ ಕಟ್ಟೆಯ ಮೇಲೆ ಕುಳಿತು ಆ ಓಣಿಯನ್ನೇ ನೋಡಿದ. ಸೋಮವಾರ, ಗುರುವಾರ, ಶನಿವಾರ ತಪ್ಪದೆ ಹೋಗುತ್ತಿದ್ದರು. ಒಂದು ತಾಸಿನ ಮೇಲೆ ಹೊರಬೀಳುತ್ತಿದ್ದರು. ಯಾರ ಕಾಲೂ ತಪ್ಪುತ್ತಿರಲಿಲ್ಲ. ಅದು ಅವನ ಗುಮಾನಿಯನ್ನು ಇನ್ನಷ್ಟು ಹೆಚ್ಚಿಸಿತು. ಕುಡಿಯುವವರಾದರೆ ಓಲಾಡುತ್ತ ಬರಬೇಕು. ಓಲಾಡದಿದ್ದರೆ ಅವರು ಇಳಿಸಿ ಮಾರುವವರು. ಅಥವಾ ಅದಕ್ಕೂ ಕೆಟ್ಟದ್ದು: ಊರಲ್ಲಿ ಯಾರು ಯಾರು ಕುಡಿಯುತ್ತಾರೆಂದು ಹೆಸರು ಬರೆದು ಮೇಲಕ್ಕೆ ಅರ್ಜಿ ಕಳಿಸುವವರು. ಈ ಕೊನೆಯ ವಿಚಾರ ಬಂದಮೇಲೆ ಬಸಗೊಂಡನಿಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ.

ಅಷ್ಟರಲ್ಲಿ ಜತ್ತಕ್ಕೆ ಹೋದಾಗ ಫೌಜದಾರರೇ ಕೇಳಿದರು, "ಪಾಟೀಲ, ನಿಮ್ಮೂರಲ್ಲಿ ಸಂಜೆ ಹೊತ್ತು ಯಾವುದೋ ಮನೆಯಲ್ಲಿ ಜನ ಸೇರುತ್ತಾರಂತೆ. ರಿಪೋರ್ಟು ಯಾಕೆ ಬಂದಿಲ್ಲ?" ಅವರು ಮರಾಠಿಯವರು. ಮಾತು ಮೆತ್ತಗೆ, ಕಣ್ಣು ಮಾತ್ರ ಎದುರಿನವನ ಬಾಯಿಯ ಮೇಲೆ. ಲವಂಗದ ವಾಸನೆ ಅವರಿಗೆ ಹತ್ತಿತೇನೋ ಎಂದು ಬಸಗೊಂಡ ಒಂದು ಹೆಜ್ಜೆ ಹಿಂದೆ ಸರಿದು, "ಚೌಕಶಿ ಮಾಡ್ಲಿಕ್ಕತ್ತೀನಿ ಸಾಹೇಬ್ರ" ಎಂದ.

ಮರುದಿನ ಗುರುವಾರ. ಹೊತ್ತು ಮುಳುಗುತ್ತಲೇ ಅವನು ಕೋಲಿನಿಂದ ಗುರುಲಿಂಗಪ್ಪನ ಕದ ತಟ್ಟಿದ.

ಕದ ತೆಗೆದವನು ಗುರುಲಿಂಗಪ್ಪನೇ. ಐವತ್ತರ ಹತ್ತಿರದ ಸಣಕಲು ಮನುಷ್ಯ. ಕೊರಳಲ್ಲಿ ಲಿಂಗದ ಕರಡಿಗೆ, ಅದರ ಪಕ್ಕದಲ್ಲೇ ಅಳತೆಯ ಪಟ್ಟಿ. ಹೆದರುತ್ತಾನೆಂದು ಬಸಗೊಂಡ ಕಾದ. ಅವನು ಹೆದರಲಿಲ್ಲ.

"ಬರ್ರಿ ಗೌಡ್ರ. ಕುಂದ್ರಿ."

ಒಳಗೆ ಹೊಲಿಗೆಯ ಮಿಷನ್ನು, ಹಾಸಿದ ಒಂದು ಕಂಬಳಿ, ಒಂದು ಕಂದೀಲು, ಮಜ್ಜಿಗೆಯ ಗಡಿಗೆ. ಬಸಗೊಂಡ ಗಡಿಗೆ ಮೂಸಿ ನೋಡಿದ. ಅಡಿಗೆಮನೆಗೆ ಹೋಗಿ ಒಲೆಯ ಬೂದಿ ಕೆದಕಿದ. ಅರಿವೆಯ ಗಂಟುಗಳನ್ನು ಕೋಲಿನಿಂದ ತಿವಿದ. ಏನೂ ಸಿಗಲಿಲ್ಲ. ಕಂಬಳಿಯ ಮೇಲೆ ಕುಳಿತಿದ್ದ ಅಮೋಗಸಿದ್ದ, ಧೂಳಪ್ಪ ಇಬ್ಬರೂ ಅವನನ್ನೇ ನೋಡುತ್ತಿದ್ದರು.

"ಏನು ನಡಸೀರಿ ಇಲ್ಲಿ?"

"ಕುಡ್ಯಾಂಗಿಲ್ಲ ಅಂತ ಕುಂದರ್ತೀವ್ರಿ," ಎಂದ ಗುರುಲಿಂಗಪ್ಪ.

ಬಸಗೊಂಡ ನಕ್ಕುಬಿಟ್ಟ. "ಕುಡ್ಯಾಂಗಿಲ್ಲ ಅನ್ನಾಕ ಕದಾ ಯಾಕ ಹಾಕಬೇಕು?"

"ನಾಚಿಕಿ ಬರತೈತ್ರಿ. ಕದಾ ತೆರದಿದ್ರ ಬಾಯಿ ತೆರ್ಯಾಂಗಿಲ್ಲ."

ಆಮೇಲೆ ಗುರುಲಿಂಗಪ್ಪ ನಡೆದದ್ದನ್ನು ಹೇಳಿದ. ಐದು ತಿಂಗಳ ಹಿಂದೆ ಅವನ ಹೆಂಡತಿ ಅವನ ಕುಡಿತ ತಾಳಲಾರದೆ ತವರಿಗೆ ಹೋಗಿದ್ದಳು. ಅವಳು ಹೋದ ಎಂಟು ದಿನಕ್ಕೆ, ಒಂದು ಸಂಜೆ, ಅವನು ಹಳ್ಳದ ಕಡೆ ಹೊರಡಲು ಚಪ್ಪಲಿ ಮೆಟ್ಟಿದ್ದಾಗ ಅಮೋಗಸಿದ್ದ ಅಂಗಿಯ ಅಳತೆ ಕೊಡಲು ಬಂದ. ಅವನೂ ಅಲ್ಲಿಗೇ ಹೊರಟವನು. ಅಳತೆ ತೆಗೆಯುವಾಗ ಗುರುಲಿಂಗಪ್ಪನ ಕೈ ನಡುಗುವುದನ್ನು ನೋಡಿ ಅಮೋಗಸಿದ್ದ, "ನಂದೂ ಹಿಂಗೇ ನಡಗತೈತಿ," ಎಂದು ತನ್ನ ಕೈ ಚಾಚಿ ತೋರಿಸಿದ. ಅಷ್ಟೇ. ಕೈ ನಡುಗುವುದು, ಬೆಳಗಿನ ವಾಂತಿ, ಹೇಳಿದ ಸುಳ್ಳುಗಳು, ಹೀಗೆ ಮಾತು ಬೆಳೆಯಿತು. ಎಚ್ಚರವಾಗಿ ನೋಡಿದರೆ ಕತ್ತಲಾಗಿ ಎಷ್ಟೋ ಹೊತ್ತಾಗಿತ್ತು, ಇಬ್ಬರೂ ಕುಡಿದಿರಲಿಲ್ಲ. ಮರುದಿನ ಅದೇ ಹೊತ್ತಿಗೆ ಅಮೋಗಸಿದ್ದ ಮತ್ತೆ ಬಂದ. ಹದಿನೈದು ದಿನದ ಮೇಲೆ ಧೂಳಪ್ಪನನ್ನು ಕರೆತಂದ.

"ಆಣಿ ಮಾಡಸ್ತೀರೇನು? ಭಂಡಾರ ಮುಟ್ಟಿ, ಲಿಂಗ ಮುಟ್ಟಿ?"

"ಇಲ್ರಿ. ಆಣಿ ಎಲ್ಲಾರೂ ಭಾಳ ಮಾಡೇವ್ರಿ," ಎಂದ ಗುರುಲಿಂಗಪ್ಪ. "ಇಲ್ಲಿ ಇವತ್ತಿನ ಸಂಜಿ ಒಂದು ದಾಟಸೂದು. ನಮ್ಮ ನಮ್ಮದು ನಾವು ಹೇಳೂದು. ಇನ್ನೊಬ್ಬಗ ಬುದ್ಧಿ ಹೇಳಾಂಗಿಲ್ಲ. ಇಲ್ಲಿ ಕೇಳಿದ್ದು ಹೊರಗ ಹೇಳಾಂಗಿಲ್ಲ."

ಬಸಗೊಂಡ ನಂಬಲಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ಯಾರಾದರೂ ನಾಲ್ಕು ತಿಂಗಳು ಕದ ಮುಚ್ಚಿ ಕೂರುತ್ತಾರೆಯೇ? ಇವರು ತನ್ನ ಬಾಯಿ ಬಿಡಿಸಲು ಹೂಡಿದ ಆಟವಿದು ಎಂದುಕೊಂಡ. ಆದರೂ ಕುಳಿತ. "ನಡಸ್ರಿ ನಿಮ್ಮದು. ನಾ ನೋಡ್ತೀನಿ."

ಧೂಳಪ್ಪ ಬಾಯಿ ಬಿಗಿದುಕೊಂಡ. ಅಮೋಗಸಿದ್ದ ಮಾತ್ರ ಸ್ವಲ್ಪ ಹೊತ್ತು ಕಂಬಳಿಯ ಅಂಚು ತಿರುವುತ್ತ ಕುಳಿತು, ಆಮೇಲೆ ಮಾತಾಡಿದ. ಎತ್ತರದ ಆಳು, ದನಿ ಮಾತ್ರ ಹುಡುಗಿಯ ದನಿಯಷ್ಟು ಸಣ್ಣದು.

"ಹ್ವಾದ ವರ್ಷ ಮರಿ ಹಾಕೂ ದಿನದಾಗ ನಾ ಕುಡದು ಹಟ್ಟಿ ಬಾಗಲಾ ಹಾಕದ ಮಲಗಿದ್ದೆ. ತ್ವಾಳ ಬಂತು. ಐದು ಮರಿ. ಮುಂಜಾನಿ ತಾಯಿ ಕುರಿ ಐದೂ ನನ್ನ ಸುತ್ತ ನಿಂತು ಒದರ್ತಿದ್ವು. ನನ್ನ ಕಿಂವ್ಯಾಗ ಇನ್ನೂ ಅದ ಸಪ್ಪಳ." ತಲೆ ಎತ್ತಿ ಬಸಗೊಂಡನನ್ನು ನೋಡಿದ. "ಅದಾದ ಮ್ಯಾಲೂ ಬಿಟ್ಟಿರಲಿಲ್ರಿ. ಇಲ್ಲಿ ಬರಾಕ ಹತ್ತಿದ ಮ್ಯಾಲೂ ಒಮ್ಮಿ ತಪ್ಪೀನಿ. ಹ್ವಾದ ಅಮಾಸಿ ದಿನ ಬ್ಯಾರೇ ಊರಾಗ ಕುಡದ್ಯಾ."

ಪೊಲೀಸ್ ಪಾಟೀಲನ ಎದುರಿಗೆ, ಇಬ್ಬರು ಸಾಕ್ಷಿಗಳಿರುವಾಗ, ಒಬ್ಬ ಮನುಷ್ಯ ತಾನು ಅಮಾವಾಸ್ಯೆಯ ದಿನ ಕುಡಿದೆನೆಂದು ಹೇಳುತ್ತಿದ್ದಾನೆ. ಇದಕ್ಕಿಂತ ಹೆಚ್ಚಿನ ಜಬಾನಿ ಯಾವ ಕೋರ್ಟಿಗೂ ಬೇಡ. ಇವನು ದಡ್ಡನೋ, ಇಲ್ಲವೇ ಇದರಲ್ಲೂ ಏನೋ ಹಿಕಮತ್ತಿದೆಯೋ?

ತನ್ನ ಸರದಿ ಬಂದಾಗ ಅವನು, "ನನಗ ಆ ಚಟಾ ಇಲ್ಲ," ಎಂದು ಎದ್ದ. ಗುರುಲಿಂಗಪ್ಪ ಬಾಗಿಲವರೆಗೆ ಬಂದು, "ಶನಿವಾರ ಬರ್ರಿ," ಎಂದ.

ಶನಿವಾರ ಅವನು ಮತ್ತೆ ಹೋದ. ರಿಪೋರ್ಟು ಸರಿಯಾಗಿ ಬರೆಯಬೇಕಾದರೆ ಒಂದು ಸಲ ನೋಡಿದರೆ ಸಾಲದು ಎಂದು ತನಗೇ ಹೇಳಿಕೊಂಡ. ಸೋಮವಾರವೂ ಹೋದ. ಅಂದು ಧೂಳಪ್ಪ ತಡೆದುಕೊಳ್ಳಲಿಲ್ಲ. ಅವನು ಗಿಡ್ಡ, ಗಟ್ಟಿ ಮೈಯವ. ಜತ್ತದ ಪೇಟೆಗೆ ಗಾಡಿ ಹೊಡೆಯುವವನಾದ್ದರಿಂದ ನಾಲ್ಕು ಮಂದಿಯ ಮಾತು ಬಲ್ಲವನು.

"ಗುರುಲಿಂಗಪ್ಪ, ನಾ ಇವತ್ತ ಏನೂ ಹೇಳಾಂಗಿಲ್ಲ. ಫೌಜದಾರನ ಕಿವಿ ಇಲ್ಲೇ ಕುಂತೈತಿ."

"ಏ ಧೂಳ್ಯಾ, ಮಾತು ನೋಡಿ ಆಡು," ಎಂದ ಬಸಗೊಂಡ.

"ನೋಡೇ ಆಡಾಕತ್ತೀನ್ರಿ. ನಮ್ಮದೆಲ್ಲಾ ಕೇಳಿದ್ರಿ. ನಿಮ್ಮದು? ಊರಾಗ ಎಲ್ಲಾರ ಮನ್ಯಾಗೂ ಲವಂಗ ಅಡಗಿಗಿ ಹಾಕ್ತಾರ. ನಿಮ್ಮ ಮನ್ಯಾಗ ಒಬ್ಬರೇ ದಿನಾ ಹಿಡೀ ತುಂಬ ತಿಂತೀರಿ. ಯಾಕಂತ ನಾವು ತಿಳೀಲಾರದಷ್ಟು ಹುಚ್ಚರೇನು?"

ಬಸಗೊಂಡ ಕೋಲು ನೆಲಕ್ಕೆ ಬಡಿದು ಎದ್ದ. "ನಿಮ್ಮ ಮೂರೂ ಮಂದಿ ಹೆಸರು ನಾಳಿಗಿ ಜತ್ತಕ್ಕ ಹೋಗ್ತಾವು," ಎಂದು ಹೊರಟುಬಿಟ್ಟ. ಓಣಿ ದಾಟುವವರೆಗೂ ಅವನ ಕಿವಿಯಲ್ಲಿ ಅದೊಂದೇ ಮಾತು: ಊರಿಗೆ ಗೊತ್ತಿದೆ. ಎಷ್ಟು ವರ್ಷದಿಂದ ಗೊತ್ತಿದೆಯೋ.

ಮರುದಿನ ಮುಂಜಾನೆ ಚಾವಡಿಯಲ್ಲಿ ಕಾಗದ ಹಾಸಿಕೊಂಡು ರಿಪೋರ್ಟು ಬರೆಯಲು ಕುಳಿತ. ಮರಾಠಿಯಲ್ಲಿ ಬರೆಯಬೇಕು, ಫೌಜದಾರರಿಗೆ ಅಕ್ಷರ ದುಂಡಗಿರಬೇಕು. ಮೊದಲ ಸಾಲು ಬರೆಯುವಾಗಲೇ ಕೈ ನಡುಗಿ ಶಾಯಿ ಚೆಲ್ಲಿತು. ಇನ್ನೊಂದು ಹಾಳೆ ತೆಗೆದ. 'ದಾರೂ ಕುಡಿಯುವ ಇಸಮುಗಳ ಹೆಸರು' ಎಂಬಲ್ಲಿಗೆ ಬರುವಷ್ಟರಲ್ಲಿ ಬೆರಳು ಲೇಖಣಿಯನ್ನು ಹಿಡಿಯಲೇ ಒಲ್ಲವು. ಮನೆಗೆ ಹೋಗಿ, ಹೊಟ್ಟಿನ ಕೋಣೆಯಲ್ಲಿ ನಿಂತು ಎರಡು ಗುಟುಕು ಕುಡಿದು ಬಂದ. ಈಗ ಕೈ ನಿಂತಿತು. ಅಮೋಗಸಿದ್ದನ ಹೆಸರನ್ನು ದುಂಡಗೆ ಬರೆದ. ಬರೆದು ಅದನ್ನೇ ನೋಡುತ್ತ ಕುಳಿತ. ಅಮಾವಾಸ್ಯೆಯ ದಿನ ಕುಡಿದವನ ಹೆಸರನ್ನು, ಈ ಗಳಿಗೆಯಲ್ಲಿ ಕುಡಿದವನು, ಕುಡಿದದ್ದರಿಂದಲೇ ನಿಂತ ಕೈಯಿಂದ ಬರೆಯುತ್ತಿದ್ದ. ಹಾಳೆ ಹರಿದು ಕಿಸೆಗೆ ಹಾಕಿಕೊಂಡ. ಅಂದು ಮಂಗಳವಾರ, ಕೂಡುವ ದಿನವಲ್ಲ. ಆದರೂ ಸಂಜೆ ಶಿಂಪಿಗನ ಮನೆಗೆ ಹೋದ. ಗುರುಲಿಂಗಪ್ಪ ಒಬ್ಬನೇ ಗುಂಡಿ ಹಚ್ಚುತ್ತ ಕುಳಿತಿದ್ದ.

"ನನ್ನ ಕೈನೂ ನಡಗತಾವು," ಎಂದ ಬಸಗೊಂಡ, ನಿಂತಲ್ಲಿಂದಲೇ.

ಗುರುಲಿಂಗಪ್ಪ ಸೂಜಿಯನ್ನು ಅರಿವೆಗೆ ಚುಚ್ಚಿಟ್ಟು ಸರಿದು ಜಾಗ ಕೊಟ್ಟ. "ಕುಂದ್ರಿ. ಎಷ್ಟ ವರ್ಷಾತ್ರಿ?"

"ಹನ್ನೆರಡು."

ಗುರುವಾರ ಅದನ್ನೇ ಮೂವರ ಎದುರಿಗೂ ಹೇಳಿದ. ಹೇಳುವಾಗ ಧೂಳಪ್ಪನ ಮುಖ ನೋಡಿದ. ಅಲ್ಲಿ ಕರುಣೆಯಿರಲಿಲ್ಲ, ಗೆದ್ದ ಖುಷಿಯೂ ಇರಲಿಲ್ಲ. ತಕ್ಕಡಿ ಹಿಡಿದವನ ಹಾಗೆ ನೋಡುತ್ತಿದ್ದ. ಬಸಗೊಂಡನ ಮಾತು ಮುಗಿದಮೇಲೆ ಧೂಳಪ್ಪ ಕೇಳಿದ್ದು ಒಂದೇ: "ಈಗ ಎಷ್ಟೊತ್ತಾತ್ರಿ ಕುಡದು?"

"ಎರಡ ದಿನ."

"ಮೂರನೇ ದಿನ ಭಾಳ ತ್ರಾಸ ಐತ್ರಿ. ನಾಳಿ ಮಧ್ಯಾಹ್ನ ನಾ ಗಾಡಿ ಹೂಡಾಂಗಿಲ್ಲ. ಬರೂದಿದ್ರ ನಮ್ಮ ಮನಿಗಿ ಬರ್ರಿ."

ಬಸಗೊಂಡ ಹೋದ. ಧೂಳಪ್ಪ ಎತ್ತಿನ ಕೊರಳ ಹಗ್ಗ ಹೊಸೆಯುತ್ತ ಕುಳಿತ. ಬಸಗೊಂಡ ಬೆವರುತ್ತ ಪಕ್ಕದಲ್ಲಿ ಕುಳಿತ. ಸಂಜೆಯಾಯಿತು.

ಶಿದ್ರಾಯ ಹಿತ್ತಲಿಗೆ ಬಂದಾಗ ಬಾಟಲಿ ಬೇಡವೆಂದು ಹೊರಳಿಸಿ ಕಳಿಸಿದ. ಶಿದ್ರಾಯ ಪಾಟೀಲನ ಮುಖವನ್ನು ನೋಡಿ, ಬಾಟಲಿಯನ್ನು ಕಂಬಳಿಯೊಳಗೆ ಮುಚ್ಚಿಕೊಂಡು ಹೋದ.

ಮನೆಯಲ್ಲಿ ಈ ಯಾವುದನ್ನೂ ಬಸಗೊಂಡ ಹೇಳಲಿಲ್ಲ. ಹೇಳಬೇಕೆಂದರೆ ಮೊದಲು ಹನ್ನೆರಡು ವರ್ಷ ಕುಡಿದದ್ದನ್ನು ಒಪ್ಪಿಕೊಳ್ಳಬೇಕಿತ್ತು. ಆದರೆ ಹೆಂಡತಿ ಗೌರವ್ವನಿಗೆ ಅದೆಲ್ಲ ಗೊತ್ತಿತ್ತು. ಬೆಳುಂಕಿಯ ದೊಡ್ಡ ಮನೆತನದ ಮಗಳು. ಗಂಡನ ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಂಡಿದ್ದಳೇ ಹೊರತು, ಹೊಟ್ಟಿನ ಕೋಣೆಯ ಬಾಟಲಿಯಲ್ಲಿ ಎಷ್ಟು ಇಳಿದಿದೆಯೆಂದು ದಿನವೂ ನೋಡುತ್ತಿದ್ದಳು. ಗಂಡ ವಾರಕ್ಕೆ ಮೂರು ಸಂಜೆ ಹಳೆಯ ಕುಡುಕರ ಮನೆಗೆ ಹೋಗಿ ಕದ ಮುಚ್ಚಿಕೊಳ್ಳುತ್ತಾನೆಂದು ಬಾವಿಯ ಹತ್ತಿರ ಕೇಳಿದ ದಿನ, ಅವಳಿಗೆ ತಲೆ ಎತ್ತಲಾಗಲಿಲ್ಲ. ಇಷ್ಟು ದಿನ ಗುಟ್ಟಾಗಿ ಒಬ್ಬನೇ ಕುಡಿಯುತ್ತಿದ್ದವನು ಈಗ ಮಂದಿ ಕೂಡಿಸಿಕೊಂಡು ಕುಡಿಯುತ್ತಿದ್ದಾನೆ.

"ಎಲ್ಲಿಗಿ ಹೋಗಿದ್ರಿ?" ಎಂದು ಕೇಳಿದಳು.

"ಕೆಲಸ ಇತ್ತು."

"ಶಿಂಪಿಗರ ಮನ್ಯಾಗ ಏನು ಕೆಲಸ?"

"ಸರಕಾರಿ ಕೆಲಸ. ನಿನಗ್ಯಾಕ?"

ಅವಳು ಹತ್ತಿರ ಬಂದು ಉಸಿರು ಮೂಸಿದಳು. ವಾಸನೆ ಇರಲಿಲ್ಲ. ಲವಂಗವೂ ಇರಲಿಲ್ಲ. ಹೊಸದೇನನ್ನೋ ತಿಂದು ವಾಸನೆ ಮುಚ್ಚುತ್ತಾನೆಂದು ತಿಳಿದಳು. ಹೊಟ್ಟಿನ ಕೋಣೆಯಲ್ಲಿ ಅರ್ಧ ಬಾಟಲಿ ಹಾಗೇ ಇತ್ತು. ಬಸಗೊಂಡನಿಗೆ ಅದನ್ನು ಕುಡಿಯುವ ಮನಸ್ಸಿರಲಿಲ್ಲ, ಚೆಲ್ಲುವ ಧೈರ್ಯವೂ ಇರಲಿಲ್ಲ. ಮನೆಯ ಬಾಟಲಿ ಇಳಿಯುತ್ತಿಲ್ಲವೆಂದರೆ ಅಲ್ಲಿ ಹೊಟ್ಟೆ ತುಂಬ ಸಿಗುತ್ತಿದೆ ಎಂದೇ ಅವಳ ಲೆಕ್ಕ. ಮೂರು ವಾರ ನೋಡಿದಳು. ಮುಂದಿನ ಗುರುವಾರ ಮುಂಜಾನೆ, ಕುಂಕುಮ ಬಳೆ ತರುತ್ತೇನೆಂದು ಜತ್ತದ ಸಂತೆಗೆ ಹೋಗಿ, ಸೆರಗು ಮುಖಕ್ಕೆಳೆದುಕೊಂಡು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಳು.

ಆ ದಿನ ಸಂಜೆ ಅಮೋಗಸಿದ್ದ ಕುಡಿದು ಬಂದ. ಅವನ ತಮ್ಮ ಕುರಿಯ ಪಾಲು ಕೇಳಿ ಜಗಳವಾಡಿದ್ದ. ಅಮೋಗಸಿದ್ದ ನೇರವಾಗಿ ಹಳ್ಳಕ್ಕೆ ಹೋಗಿ, ಕುಡಿದು, ಅಲ್ಲಿಂದ ನೇರವಾಗಿ ಶಿಂಪಿಗನ ಮನೆಗೆ ಬಂದು ಹೊಸ್ತಿಲ ಮೇಲೆ ಕುಳಿತುಬಿಟ್ಟ.

"ಇವತ್ತ ಒಳಗ ಬರಬಾರದೇನೋ," ಎಂದ.

"ಇವತ್ತೇ ಬರಬೇಕು. ಬಾ ಒಳಗ," ಎಂದು ಗುರುಲಿಂಗಪ್ಪ ರಟ್ಟೆ ಹಿಡಿದು ಎಬ್ಬಿಸಿದ.

ಕದ ಹಾಕಿ ಕಾಲು ತಾಸೂ ಆಗಿರಲಿಲ್ಲ. ಹೊರಗೆ ಬೂಟಿನ ಸಪ್ಪಳವಾಯಿತು. ಕದ ತಟ್ಟಲಿಲ್ಲ, ಒದ್ದರು. ಫೌಜದಾರರು, ಹಿಂದೆ ಇಬ್ಬರು ಪೊಲೀಸರು. ಗಂಟುಗಳು ಬಿಚ್ಚಿದವು, ಮಜ್ಜಿಗೆಯ ಗಡಿಗೆ ಉರುಳಿತು, ಮಿಷನ್ನಿನ ಕೆಳಗಿನ ನೂಲಿನ ಉಂಡೆಗಳು ಅಂಗಳದವರೆಗೂ ಹೋದವು. ಏನೂ ಸಿಗದೆ ಫೌಜದಾರರು ಒಬ್ಬೊಬ್ಬರ ಬಾಯಿ ಮೂಸುತ್ತ ಬಂದರು. ಗುರುಲಿಂಗಪ್ಪನಲ್ಲಿಲ್ಲ. ಧೂಳಪ್ಪನಲ್ಲಿಲ್ಲ. ಅಮೋಗಸಿದ್ದನ ಹತ್ತಿರ ಬಾಗಬೇಕಾಗಲೇ ಇಲ್ಲ.

"ಪಾಟೀಲ," ಎಂದು ಅವರು ಬಸಗೊಂಡನ ಕಡೆ ತಿರುಗಿದರು, "ನೀವು ಇಲ್ಲಿ ಚೌಕಶಿಗೆ ಬಂದಿದ್ದೀರಿ, ಅಲ್ಲವೇ?"

ಅದು ಪ್ರಶ್ನೆಯಲ್ಲ, ತೆರೆದಿಟ್ಟ ಬಾಗಿಲು. ಹೌದು ಎಂದರೆ ಮುಗಿಯುತ್ತಿತ್ತು. ಹೌದು ಎನ್ನುತ್ತಾನೆಂದೇ ಧೂಳಪ್ಪ ಹಲ್ಲು ಕಚ್ಚಿ ನಿಂತಿದ್ದ. ಬಸಗೊಂಡನ ನಾಲಿಗೆಯ ತುದಿಗೂ ಅದೇ ಬಂದಿತ್ತು. ಗೋಡೆಗೆ ಒರಗಿ ಕುಳಿತ ಅಮೋಗಸಿದ್ದ ಅವನನ್ನು ನೋಡುತ್ತಿರಲಿಲ್ಲ, ಉರುಳಿದ ಗಡಿಗೆಯನ್ನು ನೋಡುತ್ತಿದ್ದ.

"ಮೊದಲ ಸಲ ಹಾಗೇ ಬಂದಿದ್ದೆ ಸಾಹೇಬರೇ," ಎಂದ ಬಸಗೊಂಡ ಮರಾಠಿಯಲ್ಲಿ. "ಈಗ ಇವರಲ್ಲಿ ಒಬ್ಬನಾಗಿ ಬರುತ್ತೇನೆ. ನಾನು ಹನ್ನೆರಡು ವರ್ಷದ ಕುಡುಕ. ಬಿಟ್ಟು ಇಪ್ಪತ್ತಮೂರು ದಿನವಾಯಿತು. ಇವರ ಜೊತೆ ಕೂತಿದ್ದಕ್ಕೇ ಬಿಟ್ಟದ್ದು. ನೀವು ಇವನನ್ನು ಒಯ್ಯುವುದಾದರೆ ನನ್ನದೂ ಜಬಾನಿ ಬರೆದುಕೊಳ್ಳಿ."

ಫೌಜದಾರರಿಗೆ ಇದು ನಂಬುವ ಮಾತಾಗಿ ಕಾಣಲಿಲ್ಲ. ಆದರೆ ಯಾವ ಪಾಟೀಲನೂ ಹೇಳುವಂಥ ಸುಳ್ಳೂ ಇದಾಗಿರಲಿಲ್ಲ. ಜಬಾನಿ ಬರೆದುಕೊಂಡರು. ಅಮೋಗಸಿದ್ದನನ್ನು ಕರೆದೊಯ್ದರು. ಅವನಿಗೆ ಎಂಟು ದಿನ ಜೇಲಾಯಿತು. ಬಸಗೊಂಡನನ್ನು ಪೊಲೀಸ್ ಪಾಟೀಲಕಿಯಿಂದ ತೆಗೆದಿರುವ ಹುಕುಮು ವಾರದೊಳಗೆ ಬಂತು. ಅಜ್ಜನ ಕಾಲದಿಂದ ಮನೆಯಲ್ಲಿದ್ದ ಅಧಿಕಾರ ಚಿಕ್ಕಪ್ಪನ ಮಗ ದುಂಡಪ್ಪನ ಪಾಲಾಯಿತು.

ಯಾರು ಹೇಳಿದರು? ನಾಲ್ವರೊಳಗೆ ಈ ಪ್ರಶ್ನೆ ಮುಳ್ಳಿನಂತೆ ಉಳಿಯಿತು. ಶಿದ್ರಾಯನೆಂದು ಬಸಗೊಂಡನ ಗುಮಾನಿ. ಧೂಳಪ್ಪ ಮಾತ್ರ ಗುರುಲಿಂಗಪ್ಪನ ಕಿವಿಯಲ್ಲಿ, "ಗೌಡ್ರೇ ಪೊಲೀಸರನ್ನ ಕರಿಸಿ, ಆಮ್ಯಾಲ ಹೆದರಿ ಮಾತು ತಿರುಗಿಸ್ಯಾರ," ಎಂದ.

ಹುಕುಮು ಬಂದ ಮಧ್ಯಾಹ್ನ ಬಸಗೊಂಡ ಮನೆಯ ಪಡಸಾಲೆಯಲ್ಲಿ ಅದನ್ನು ಮಡಚುತ್ತ, "ಆ ಶಿದ್ರಾಯನ ಹಲ್ಲು ಮುರೀತೀನಿ," ಎಂದು ಗೊಣಗಿದ. ಗೌರವ್ವ ಕಂಬದ ಹತ್ತಿರ ನಿಂತಿದ್ದಳು.

"ಶಿದ್ರಾಯ ಅಲ್ಲ. ನಾನೇ ಹೇಳಿದ್ದು."

ಅವನಿಗೆ ಮೊದಲು ತಿಳಿಯಲಿಲ್ಲ.

"ನಾನೇ ಠಾಣೆಕ್ಕ ಹೋಗಿದ್ದೆ. ಅಲ್ಲಿ ಕುಡೀತೀರಿ ಅಂತ ತಿಳದಿದ್ದೆ. ಕುಡಿಯೂದಿಲ್ಲ ಅಂತ ನನಗ ಯಾರು ಹೇಳಿದ್ರು? ನೀವು ಹೇಳಿದ್ರೇನು?"

ಅವನಿಗೆ ಸಿಟ್ಟು ಬಂತು. ಕೈ ಎತ್ತಿದ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹೊಟ್ಟಿನ ಕೋಣೆಗೆ ನುಗ್ಗಿದ. ಹೊಟ್ಟಿನೊಳಗೆ ಕೈ ಹಾಕಿ ಆ ಅರ್ಧ ಬಾಟಲಿ ಹೊರತೆಗೆದ. ಗೌರವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ತಡೆಯಲಿಲ್ಲ. ಅವಳು ಕಾಯುತ್ತಿದ್ದದ್ದೇ ಇದಕ್ಕೆ ಎಂಬಂತಿತ್ತು ಆ ನೋಟ. ಬೂಚು ಕಿತ್ತ. ವಾಸನೆ ಮೂಗಿಗೆ ಹೊಡೆಯಿತು, ಬಾಯಲ್ಲಿ ನೀರು ತುಂಬಿತು. ಆಮೇಲೆ, ಹೇಗೆಂದು ಅವನಿಗೇ ತಿಳಿಯದಂತೆ, ಬಾಟಲಿಯನ್ನು ಕೈಯಲ್ಲಿ ಹಿಡಿದೇ ಬೀದಿಗೆ ಬಂದಿದ್ದ. ಹಾಡೇ ಹಗಲು. ಚಾವಡಿಯ ಮುಂದಿನಿಂದ, ಹೊಸ ಪಾಟೀಲ ದುಂಡಪ್ಪನ ಕಣ್ಣೆದುರಿಗೆ, ಬಾಟಲಿ ಹಿಡಿದು ಶಿಂಪಿಗನ ಮನೆಯವರೆಗೆ ನಡೆದ.

"ಗುರುಲಿಂಗಪ್ಪ, ನಾ ಕುಡೀತೀನಿ," ಎಂದ. ಮಾತು ತೊದಲಿತು. "ನನ್ನ ಹೇಣ್ತಿನೇ ಹಿಡದು ಕೊಟ್ಟಾಳ."

ಗುರುಲಿಂಗಪ್ಪ ಮಿಷನ್ನಿನ ಗಾಲಿಯ ಮೇಲೆ ಕೈಯಿಟ್ಟು ನಿಲ್ಲಿಸಿದ. ಬಾಟಲಿ ಕಸಿಯಲಿಲ್ಲ. "ಕುಂದ್ರಿ. ಇಲ್ಲಿ ಇಡ್ರಿ, ಎದುರಿಗೇ ಇಡ್ರಿ," ಎಂದು ಓಣಿಯ ಕಡೆ ಮುಖ ಮಾಡಿ ಧೂಳಪ್ಪನನ್ನು ಕೂಗಿದ. ಧೂಳಪ್ಪ ಜತ್ತಕ್ಕೆ ಹೊರಟಿದ್ದ. ಗಾಡಿಯಲ್ಲಿ ಶೇಂಗಾ ಚೀಲ ಹೇರಿಯಾಗಿತ್ತು. ಎತ್ತಿನ ಕೊರಳು ಬಿಚ್ಚಿ ಬಂದ. ಬಾಟಲಿ ನೋಡಿದ, ಬಸಗೊಂಡನನ್ನು ನೋಡಿದ, ಕುಳಿತ.

"ನಾ ನಿಮ್ಮನ್ನ ಇನ್ನೂ ನಂಬಿಲ್ರಿ," ಎಂದ. "ಆದ್ರ ಕುಂದರ್ತೀನಿ."

ಬಸಗೊಂಡ ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಬೈದ, ಬೈಯುತ್ತ ಅತ್ತ. ಧೂಳಪ್ಪ ನಡುವೆ ಬಾಯಿ ಹಾಕಿ, ತಾನು ಒಮ್ಮೆ ಕುಡಿದು ಹೆಂಡತಿಯ ಕೈ ಮುರಿದದ್ದನ್ನು ಹೇಳಿದ. ಅದನ್ನು ಅವನು ಆ ಮನೆಯಲ್ಲೂ ಅಂದಿನವರೆಗೆ ಹೇಳಿರಲಿಲ್ಲ. "ಇವತ್ತಿಗೂ ಆಕಿಗಿ ಆ ಕೈಲೇ ರೊಟ್ಟಿ ಬಡ್ಯಾಕ ಆಗೂದಿಲ್ಲ. ಆಕಿ ನನ್ನ ಹಿಡದು ಕೊಟ್ಟಿದ್ರ ಚಲೋ ಆಗ್ತಿತ್ತು," ಎಂದ. ಬಸಗೊಂಡ ತಾನು ಮನೆಯಲ್ಲಿ ಎತ್ತಿದ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತ. ಹೊತ್ತು ಇಳಿಯುವಾಗ ಅವನೇ ಎದ್ದು ಹಿತ್ತಲಿಗೆ ಹೋಗಿ ಬಾಟಲಿಯನ್ನು ಬಚ್ಚಲಿಗೆ ಸುರಿದು ಬಂದ. ಧೂಳಪ್ಪ ಆಮೇಲೆ ಎತ್ತು ಹೂಡಿದ.

ಎಂಟು ದಿನ ಮುಗಿಸಿ ಅಮೋಗಸಿದ್ದ ಬಿಡುಗಡೆಯಾದಾಗ ಅವನನ್ನು ಗಾಡಿಯಲ್ಲಿ ಕರೆತಂದವನು ಧೂಳಪ್ಪ. ಗಾಡಿಯಲ್ಲಿ ಜೊತೆಗೆ ಕುಳಿತು ಹೋದವನು ಬಸಗೊಂಡ. ದಾರಿಯಲ್ಲಿ ಶಿದ್ರಾಯನ ಹಳ್ಳ ಬಂದಾಗ ಮೂವರೂ ಜೋರಾಗಿ ಮಾತಾಡುತ್ತ ದಾಟಿದರು.

ಊರು ಸುಲಭಕ್ಕೆ ನಂಬಲಿಲ್ಲ. ಪಾಟೀಲಕಿ ಕಳೆದುಕೊಂಡವನು ಕುಡುಕರ ಸಂಘ ಕಟ್ಟಿದ್ದಾನೆ ಎಂದರು. ದುಂಡಪ್ಪ ಎರಡು ಸಲ ಒಳಗೆ ಬಂದು ಗಡಿಗೆ ಮೂಸಿ ಹೋದ. ಗೌರವ್ವನೂ ನಂಬಲಿಲ್ಲ. ಬಾಟಲಿ ಹಿಡಿದು ಹೋದ ಗಂಡ ಬರಿಗೈಯಲ್ಲಿ ತಿರುಗಿ ಬಂದದ್ದನ್ನು ಅವಳು ನೋಡಿದ್ದಳು. ಬಾಯಲ್ಲಿ ವಾಸನೆ ಇರಲಿಲ್ಲವೆಂಬುದೂ ಅವಳಿಗೆ ಗೊತ್ತಿತ್ತು. ಆದರೂ ಹನ್ನೆರಡು ವರ್ಷ ಅವಳ ಕಣ್ಣಿಗೆ ಕಟ್ಟಿತ್ತು.

ಜೋಳದ ಸುಗ್ಗಿ ಮುಗಿದ ಹೊತ್ತಿಗೆ, ಒಂದು ಸೋಮವಾರ, ಅವಳು ಸೆರಗು ಹೊದ್ದು ಗಂಡನ ಹಿಂದೆಯೇ ಹೋದಳು. ಕದ ಮುಚ್ಚಿತ್ತು. ಹೊರಗಿನ ಕಟ್ಟೆಯ ಮೇಲೆ ಕಿಟಕಿಯ ಕೆಳಗೆ ಕುಳಿತಳು. ಒಳಗೆ ಗಂಡನ ದನಿ.

"ಬೆಳುಂಕಿಯಿಂದ ಆಳು ಬಂದಿದ್ದ. ಮಾವನವರಿಗಿ ಭಾಳ ಜಡ್ಡಾಗೈತಿ, ಮಗಳನ್ನ ಲಗೂನ ಕರಕೊಂಡ ಬರ್ರಿ ಅಂತ. ಗಾಡಿ ಹೂಡ್ತೀನಿ ಅಂತ ಹಿತ್ತಲಿಗಿ ಹ್ವಾದೆ. ಒಂದ ಗುಟುಕು ಅಂತ ಕುಡದ್ಯಾ. ಬಾಟ್ಲಿ ಮುಗೀತು. ನಡು ಹಗಲೇ ಬಿದ್ದು ಮಲಗಿದ್ದೆ. ಆಕಿಗಿ ಗಾಡಿ ಅಚ್ಚು ಮುರದೈತಿ ಅಂತ ಹೇಳಿದ್ಯಾ. ಮರದಿನ ನಾವು ಹೋಗೂದ್ರಾಗ ಎಲ್ಲಾ ಮುಗದಿತ್ತು. ಆಕಿಗಿ ಅಪ್ಪನ ಮಾರಿ ನೋಡಾಕ ಸಿಗಲಿಲ್ಲ. ಅಚ್ಚು ಮುರದಿರಲಿಲ್ಲ."

ಗೌರವ್ವ ಎದ್ದು ಮನೆಗೆ ಬಂದಳು. ಒಲೆ ಹಚ್ಚಲಿಲ್ಲ.

ಬಸಗೊಂಡ ಬಂದಾಗ ಅವಳು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು.

"ಅಚ್ಚು ಮುರದಿಲ್ಲ ಅನ್ನೂದು ನನಗ ಆವತ್ತೇ ಗೊತ್ತಿತ್ತು," ಎಂದಳು. "ಗಾಡಿ ನೋಡಿದ್ದೆ ನಾ."

ಅವನು ಹೊಸ್ತಿಲಲ್ಲೇ ನಿಂತ. ಎಲ್ಲಿ ಕೇಳಿದಳೆಂದು ಅವನಿಗೆ ಹೇಳಬೇಕಾಗಲಿಲ್ಲ. "ಗೊತ್ತಿದ್ದೂ ಯಾಕ ಸುಮ್ಮನಿದ್ದಿ?"

"ಕೇಳಿದ್ರ ಮತ್ತೊಂದು ಸುಳ್ಳು ಹೇಳ್ತಿದ್ರಿ. ಎರಡ ಸುಳ್ಳು ಹೊರಾಕ ನನಗ ಕಸುವಿರಲಿಲ್ಲ."

ಅವನು ಅವಳ ಎದುರಿಗೆ, ನೆಲದ ಮೇಲೆ ಕುಳಿತ. ಕ್ಷಮಿಸು ಎಂದು ಅನ್ನಬೇಕೆಂದುಕೊಂಡ, ಆದರೆ ಆ ಮಾತನ್ನು ಸುಳ್ಳು ಹೇಳಿದಾಗೆಲ್ಲ ಎಷ್ಟು ಸಲ ಅಂದಿದ್ದನೆಂಬುದು ನೆನಪಾಗಿ ಬಿಟ್ಟುಬಿಟ್ಟ. ಅವಳು ಅಪ್ಪನ ಕಡೆಯ ದಿನಗಳ ಮಾತು ತೆಗೆದಳು. ಯಾರು ನೀರು ಕುಡಿಸಿದರು, ಏನು ಕೇಳಿದ, ಯಾರ ಹೆಸರು ಕರೆದ, ಅಣ್ಣಂದಿರು ತನಗೆ ಹೇಳಿದ್ದೆಲ್ಲವನ್ನೂ ಹೇಳಿದಳು. ಅವನು ಕೇಳಿದ. ಬುದ್ಧಿ ಹೇಳಲಿಲ್ಲ, ಸಮಾಧಾನ ಹೇಳಲಿಲ್ಲ. ಆ ಮನೆಯಲ್ಲಿ ಕುಳಿತು ಕಲಿತಿದ್ದು ಅದೊಂದೇ.

ಹೇಳಿ ಮುಗಿಸಿ ಅವಳು ಎದ್ದು ಒಲೆಯ ಮುಂದೆ ಕುಳಿತಳು.

"ಇವತ್ತ ಕೇಳಿದ್ನಿ ಅಂತ ನಂಬಿಗಿ ಬಂತು ಅನ್ಕೋಬ್ಯಾಡ್ರಿ," ಎಂದಳು, ಕಟ್ಟಿಗೆ ಒಟ್ಟುತ್ತ. "ನಂಬಿಗಿ ಇನ್ನೂ ಬಂದಿಲ್ಲ."

"ಹೌದು."

"ಗುರುವಾರ ಹೋಗ್ತೀರಿಲ್ಲ?"

"ಹೋಗ್ತೀನಿ."

"ಹೋಗ್ರಿ," ಎಂದು ಅವಳು ಹಿಟ್ಟಿನ ಡಬ್ಬಿ ಹತ್ತಿರ ಎಳೆದುಕೊಂಡಳು.